ಮನೆಯಲ್ಲಿ ಡಯಾಲಿಸಿಸ್, ದೂರದಲ್ಲಿ ವೈದ್ಯರು

ಮನೆಯಲ್ಲಿ ಒಬ್ಬರಿಗೆ ದೀರ್ಘವ್ಯಾಧಿಯು ಬಂದಿತೆಂದರೆ ಅದು ಮನೆಮಂದಿಗೆಲ್ಲ ಬಂದಂತೆಯೇ ಸರಿ. ಜ್ವರವಾದರೆ ಹತ್ತು ದಿನ ಕಾಡಿ ಬಿಟ್ಟುಹೋಗುವುದು. ಮುರಿದ ಮೂಳೆಯು ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುವುದು. ಆದರೆ ಮೂತ್ರಪಿಂಡಗಳೆರಡೂ ಸಂಪೂರ್ಣವಾಗಿ ಕೆಟ್ಟುಹೋದ ಮೇಲೆ ಅವುಗಳ ಕೆಲಸವನ್ನು ಬೇರೊಂದು ಉಪಾಯದಿಂದ ತಪ್ಪದೆ ನಡೆಯಿಸುತ್ತಲೇ ಇರಬೇಕಾಗುವುದು. ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಈ ಉಪಾಯಕ್ಕೆ ಡಯಾಲಿಸಿಸ್ ಎಂದು ಹೆಸರು. ಇದನ್ನು ಆಸ್ಪತ್ರೆಯಲ್ಲಿ ಯಂತ್ರದ ಪಕ್ಕದಲ್ಲಿ ಮಲಗಿಯೇ ಮಾಡಿಸಿಕೊಳ್ಳಬೇಕೆಂದು ಬಹು ಜನರು ತಿಳಿದಿರುವರು. ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಕ್ರಮವೊಂದುಂಟು. ಹಾಗಾದರೆ ಭದ್ರಾವತಿಯ ಮನೆಯೊಂದರಲ್ಲಿರುವ ರೋಗಿಯನ್ನು ಶಿವಮೊಗ್ಗದಲ್ಲಿಯೋ ಅದಕ್ಕೂ ದೂರದಲ್ಲಿಯೋ ಇರುವ ವೈದ್ಯರು ದಿನದಿನವೂ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮೂತ್ರಪಿಂಡಗಳ ವಿಷಯವನ್ನು ಸ್ವಲ್ಪ ತಿಳಿಯಬೇಕು. ಬೆನ್ನಿನ ಎರಡು ಕಡೆಗಳಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಮುಷ್ಟಿಯಷ್ಟು ಗಾತ್ರದ ಎರಡು ಪಿಂಡಗಳಿರುವುವು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳು ಅಡಕವಾಗಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರುಗಳಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದೆಲ್ಲವನ್ನೂ ಮರಳಿ ರಕ್ತಕ್ಕೆ ಸೇರಿಸಿ, ಬೇಡವಾದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುವುವು. ದೇಹದಲ್ಲಿ ನೀರೆಷ್ಟಿರಬೇಕು, ಉಪ್ಪೆಷ್ಟಿರಬೇಕು ಎಂಬ ಲೆಕ್ಕವೂ ಇವುಗಳದೇ. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡಗಳು ವರ್ಷಗಟ್ಟಲೆ ಅಂಕೆಯಿಲ್ಲದೆ ಉಳಿದರೆ ಈ ಶೋಧಕಗಳು ಒಂದೊಂದಾಗಿ ನಾಶವಾಗುವುವು. ನೋವು ಕಾಣಿಸುವುದಿಲ್ಲವಾದುದರಿಂದ ಬಹು ಕಾಲ ಯಾರಿಗೂ ತಿಳಿಯುವುದಿಲ್ಲ. ಮುಖ ಬಾತು, ಕಾಲು ಊದಿ, ಊಟ ಸೇರದೆ, ಉಬ್ಬಸ ಬರುವ ವೇಳೆಗೆ ಹಾನಿಯು ಬಹುಮಟ್ಟಿಗೆ ಆಗಿಹೋಗಿರುವುದು.

ಡಯಾಲಿಸಿಸಿನ ತತ್ತ್ವವನ್ನು 1861ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ವಿವರಿಸಿದನು. ತೆಳುವಾದ ಪೊರೆಯೊಂದರ ಒಂದು ಕಡೆಗೆ ಕಲ್ಮಷವುಳ್ಳ ದ್ರವವನ್ನೂ ಮತ್ತೊಂದು ಕಡೆಗೆ ಶುದ್ಧ ದ್ರವವನ್ನೂ ಇರಿಸಿದರೆ ಸಣ್ಣ ಕಣಗಳು ಪೊರೆಯನ್ನು ದಾಟಿ ಹೋಗುವುವು, ದೊಡ್ಡವು ಉಳಿಯುವುವು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹಾಲೆಂಡಿನ ವೈದ್ಯ ವಿಲೆಂ ಕೋಲ್ಫ್ ಎಂಬಾತನು ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ನಿರ್ಮಿಸಿದನು. 1945ರಲ್ಲಿ ಆ ಯಂತ್ರದಿಂದ 67 ವರ್ಷದ ಒಬ್ಬ ಹೆಂಗಸಿನ ಪ್ರಾಣ ಉಳಿಯಿತು. ಇಂದು ಆಸ್ಪತ್ರೆಗಳಲ್ಲಿ ನಡೆಯುವ ರಕ್ತದ ಡಯಾಲಿಸಿಸ್ ಇದರ ಸಂತತಿಯೇ.

ಈ ಕ್ರಮದಲ್ಲಿ ರೋಗಿಯು ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ, ಯಂತ್ರಕ್ಕೆ ಸೇರಿಕೊಂಡು ಮಲಗಬೇಕು. ವರ್ಷಕ್ಕೆ 156 ದಿನಗಳಾದುವು. ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ 20 ಕಿಲೋಮೀಟರಿಗಿಂತ ಹೆಚ್ಚಿಲ್ಲ. ರೈಲೂ ಉಂಟು, ಬಸ್ಸುಗಳೂ ಬೇಕಾದಷ್ಟುಂಟು. ಆದರೂ ಹೋಗಿ ಬರುವುದು, ಕಾಯುವುದು, ಚಿಕಿತ್ಸೆ, ಆಮೇಲಿನ ಆಯಾಸ ಇವೆಲ್ಲ ಸೇರಿ ಆ ದಿನವು ಮತ್ತಾವ ಕೆಲಸಕ್ಕೂ ಬಾರದು. ಜೊತೆಗೆ ಹೋಗುವವರ ದಿನವೂ ಹಾಗೆಯೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಳನಾಡಿನ ಮನೆಗಳವರ ಕಷ್ಟವನ್ನು ಹೇಳಬೇಕಾದುದೇ ಇಲ್ಲ. ಆಷಾಢ ಶ್ರಾವಣಗಳ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಅಂದಿನ ಡಯಾಲಿಸಿಸ್ ತಪ್ಪಿಹೋಗುವುದು.

ಮನೆಯಲ್ಲಿ ನಡೆಯುವ ಕ್ರಮ

ಮತ್ತೊಂದು ಕ್ರಮಕ್ಕೆ ಯಂತ್ರ ಬೇಡ, ವಿದ್ಯುಚ್ಛಕ್ತಿ ಬೇಡ, ರಕ್ತವನ್ನು ಹೊರಗೆ ತೆಗೆಯುವ ಕೆಲಸವೂ ಇಲ್ಲ. ನಮ್ಮ ಹೊಟ್ಟೆಯ ಒಳಗಡೆ, ಕರುಳುಗಳನ್ನು ಸುತ್ತಿಕೊಂಡು, ನಯವಾದ ಪೊರೆಯೊಂದಿರುವುದು. ಇದರಲ್ಲಿ ರಕ್ತದ ಸೂಕ್ಷ್ಮನಾಳಗಳು ತುಂಬಿವೆ. ಈ ಪೊರೆಯನ್ನೇ ಶೋಧಕವನ್ನಾಗಿ ಬಳಸುವುದರಿಂದ ಇದಕ್ಕೆ ಪೆರಿಟೋನಿಯಲ್ ಡಯಾಲಿಸಿಸ್ ಎಂದು ಹೆಸರು. ಸಣ್ಣ ಶಸ್ತ್ರಚಿಕಿತ್ಸೆಯಿಂದ ಹೊಕ್ಕುಳಿನ ಬಳಿ ಮೆತ್ತನೆಯ ಕೊಳವೆಯೊಂದನ್ನು ಕೂರಿಸುವರು. 2 ಲೀಟರು ದ್ರಾವಣವುಳ್ಳ ಪ್ಲಾಸ್ಟಿಕ್ ಬ್ಯಾಗನ್ನು ಎತ್ತರದಲ್ಲಿ ತೂಗಹಾಕಿ ಆ ಕೊಳವೆಯ ಮೂಲಕ ಹೊಟ್ಟೆಯೊಳಕ್ಕೆ ಇಳಿಸುವರು. ದ್ರಾವಣವು 4ರಿಂದ 6 ಗಂಟೆಗಳ ಕಾಲ ಒಳಗಿದ್ದು ರಕ್ತದ ಕಲ್ಮಷಗಳನ್ನು ತನ್ನಲ್ಲಿ ಸೇರಿಸಿಕೊಳ್ಳುವುದು. ಅದರಲ್ಲಿರುವ ಗ್ಲೂಕೋಸ್ ಹೆಚ್ಚಿನ ನೀರನ್ನು ಎಳೆದುಕೊಳ್ಳುವುದು. ಆಮೇಲೆ ಅದನ್ನು ಕೆಳಗಿನ ಖಾಲಿ ಬ್ಯಾಗಿಗೆ ಹರಿಯಬಿಟ್ಟು ಹೊಸದನ್ನು ತುಂಬಬೇಕು. ಈ ಬದಲಾವಣೆಗೆ ಅರ್ಧ ಗಂಟೆ ಸಾಕು. ಉಳಿದ ವೇಳೆಯಲ್ಲಿ ರೋಗಿಯು ಅಂಗಡಿಗೆ ಹೋಗಬಹುದು, ಅಡಿಗೆ ಮಾಡಬಹುದು, ಮಕ್ಕಳಿಗೆ ಪಾಠ ಹೇಳಬಹುದು.

1968ರಲ್ಲಿ ಹೆನ್ರಿ ಟೆಂಕಾಫ್ ಎಂಬ ವೈದ್ಯನು ಬಹು ಕಾಲ ಹೊಟ್ಟೆಯಲ್ಲಿಯೇ ಇರಬಲ್ಲ ಕೊಳವೆಯನ್ನು ರೂಪಿಸಿದ ಮೇಲೆ ಈ ಚಿಕಿತ್ಸೆಗೆ ದಾರಿಯಾಯಿತು. 1976ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬಿಬ್ಬರು ದಿನವೆಲ್ಲ ನಡೆಯುವ ಈಗಿನ ಕ್ರಮವನ್ನು ಪ್ರಕಟಿಸಿದರು. ಭಾರತದಲ್ಲಿ ಇದು 1991ರಲ್ಲಿ ಆರಂಭವಾಯಿತು. ಹಾಂಗ್‌ಕಾಂಗಿನಲ್ಲಿ 1985ರಿಂದಲೂ ಡಯಾಲಿಸಿಸ್ ಬೇಕಾದವರಿಗೆ ಮೊದಲು ಈ ಮನೆಯ ಕ್ರಮವನ್ನೇ ಸೂಚಿಸುವ ನೀತಿಯುಂಟು. ಹಗಲಿನ ಬದಲಾವಣೆಗಳನ್ನು ತಪ್ಪಿಸಿ, ರಾತ್ರಿ ನಿದ್ದೆಯಲ್ಲಿರುವಾಗಲೇ ದ್ರಾವಣವನ್ನು ತುಂಬಿ ತೆಗೆಯುವ ಚಿಕ್ಕ ಯಂತ್ರಗಳೂ ಬಂದಿವೆ. ಅವುಗಳಿಗೆ ವಿದ್ಯುಚ್ಛಕ್ತಿ ಬೇಕು, ಬೆಲೆಯೂ ಹೆಚ್ಚು.

ಇಷ್ಟು ಅನುಕೂಲವುಳ್ಳ ಕ್ರಮದಲ್ಲಿ ದೋಷವೇ ಇಲ್ಲವೆ? ಉಂಟು. ದಿನಕ್ಕೆ 4 ಬದಲಾವಣೆಗಳೆಂದರೆ ವರ್ಷಕ್ಕೆ 1460. ಪ್ರತಿಯೊಂದರಲ್ಲಿಯೂ ಕೊಳವೆಯ ಬಾಯಿಯನ್ನು ತೆರೆದು ಹೊಸ ಬ್ಯಾಗಿಗೆ ಜೋಡಿಸಬೇಕು. ಒಮ್ಮೆ ಕೈ ತೊಳೆಯುವುದನ್ನು ಮರೆತರೂ, ಕೊಳವೆಯ ತುದಿಯು ಸೀರೆಯ ಸೆರಗಿಗೆ ತಗುಲಿದರೂ, ಕಣ್ಣಿಗೆ ಕಾಣದ ರೋಗಾಣುಗಳು ಹೊಟ್ಟೆಯನ್ನು ಸೇರಿ ಪೊರೆಯ ಉರಿಯೂತವನ್ನುಂಟುಮಾಡುವುವು. ತಡಮಾಡಿದರೆ ಪೊರೆಯು ಕೆಟ್ಟು, ಕೊಳವೆಯನ್ನೇ ತೆಗೆಯಬೇಕಾಗಬಹುದು; ಪ್ರಾಣವೂ ಹೋಗಬಹುದು. ಒಬ್ಬ ರೋಗಿಗೆ ವರ್ಷಕ್ಕೆ ಸರಾಸರಿ 0.40ಕ್ಕಿಂತ ಹೆಚ್ಚು ಸಲ, ಎಂದರೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ, ಈ ಸೋಂಕು ಆಗಬಾರದೆಂದು ಈ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಘವು 2022ರಲ್ಲಿ ಗುರಿಯನ್ನು ಗೊತ್ತುಪಡಿಸಿದೆ. ಆಸ್ಪತ್ರೆಯಲ್ಲಿ ದಾದಿಯ ಕಣ್ಣ ಮುಂದಿರುವ ರೋಗಿಗೆ ಬರುವ ಕಷ್ಟವು ಕೂಡಲೇ ಗೊತ್ತಾಗುವುದು. ಮನೆಯಲ್ಲಿರುವವನಿಗೆ ಬಂದದ್ದನ್ನು ಮನೆಯವರೇ ಕಂಡುಹಿಡಿದು ತಿಳಿಸಬೇಕು. ದೂರದಿಂದ ನಡೆಯುವ ಆರೈಕೆಯ ಪ್ರಾಣವೆಲ್ಲ ಇಲ್ಲಿಯೇ ಇರುವುದು.

ತಂತಿಯ ಮೂಲಕ ವೈದ್ಯ

ರೋಗಿಯೊಂದು ಕಡೆ, ವೈದ್ಯನೊಂದು ಕಡೆ ಇದ್ದು ಚಿಕಿತ್ಸೆ ನಡೆಯಿಸುವ ವಿಚಾರವು ಹೊಸದೇನೂ ಅಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಐಂಟ್‌ಹೋವನ್ ಎಂಬ ವಿಜ್ಞಾನಿಯು 1905ರಲ್ಲಿಯೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡು ರೇಖೆಯಾಗಿ ಬರೆಸಿದನು. ನಮ್ಮ ಕರ್ನಾಟಕದಲ್ಲಿ ಈ ಶತಮಾನದ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಿ ಹೃದ್ರೋಗಿಗಳನ್ನು ಪರೀಕ್ಷಿಸುವ ವ್ಯವಸ್ಥೆಯು ನಡೆಯಿತು.

ಮನೆಯ ಡಯಾಲಿಸಿಸಿನ ವಿಷಯದಲ್ಲಿ ನಮಗೆ ಹತ್ತಿರವಾದ ಒಳ್ಳೆಯ ಉದಾಹರಣೆಯು ನೆರೆಯ ಹೈದರಾಬಾದಿನದು. ಅಲ್ಲಿಯ ಮೂತ್ರಪಿಂಡ ತಜ್ಞರಾದ ಡಾಕ್ಟರ್ ಕೆ. ಎಸ್. ನಾಯಕ್ ಮತ್ತು ಅವರ ಸಂಗಡಿಗರು ಹಳ್ಳಿಗಳಲ್ಲಿಯೂ ದೂರದ ಊರುಗಳಲ್ಲಿಯೂ ಇದ್ದ ರೋಗಿಗಳನ್ನು ಮೊಬೈಲ್ ಫೋನಿನ ಸಂದೇಶಗಳು ಮತ್ತು ಛಾಯಾಚಿತ್ರಗಳ ಸಹಾಯದಿಂದ ನೋಡಿಕೊಂಡು, ಅದರ ಫಲವನ್ನು 2012ರಲ್ಲಿ ಪ್ರಕಟಿಸಿದರು. ತರಬೇತಿ ಹೊಂದಿದ ಸಹಾಯಕರು ಮನೆಗಳಿಗೆ ಹೋಗಿ ನೋಡುವರು. ಕಂಡದ್ದನ್ನು ವೈದ್ಯರಿಗೆ ಕಳುಹಿಸುವರು. ವೈದ್ಯರು ಅಲ್ಲಿಂದಲೇ ಉತ್ತರ ಕೊಡುವರು. ದೂರದ ರೋಗಿಗಳು ನಗರದ ರೋಗಿಗಳಿಗಿಂತ ಹಿಂದೆ ಬೀಳಲಿಲ್ಲವೆಂಬುದೇ ಅವರು ಕಂಡ ಮುಖ್ಯ ವಿಷಯ. ಬೆಲೆಬಾಳುವ ಯಂತ್ರಗಳಾವುವೂ ಇದಕ್ಕೆ ಬೇಕಾಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಲೆನಾಡಿನವರಿಗೆ ಈ ಮಾತು ಬಹು ಮುಖ್ಯವಾದುದು. ಗುಡ್ಡದ ಮರೆಯ ಮನೆಗಳಲ್ಲಿ ಮುಖ ನೋಡಿ ಮಾತಾಡುವಷ್ಟು ಸಿಗ್ನಲ್ ದೊರೆಯದಿರಬಹುದು; ಆದರೆ ನಾಲ್ಕು ಅಂಕೆಗಳ ಸಣ್ಣ ಸಂದೇಶವು ಹೇಗೋ ದಾರಿ ಮಾಡಿಕೊಂಡು ಹೋಗುವುದು.

ಲೆಕ್ಕದ ಪುಸ್ತಕ

ಆ ಅಂಕೆಗಳಾವುವು? ಮನೆಖರ್ಚಿನ ಲೆಕ್ಕ ಬರೆಯುವಂತಹ ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ಪ್ರತಿದಿನವೂ ಬರೆಯಬೇಕಾದುವು ಇವು: ಬೆಳಿಗ್ಗೆ ಎದ್ದ ಮೇಲಿನ ತೂಕ, ರಕ್ತದೊತ್ತಡ, ಪ್ರತಿ ಸಲವೂ ಒಳಗೆ ಹೋದ ದ್ರಾವಣವೆಷ್ಟು, ಹೊರಗೆ ಬಂದದ್ದೆಷ್ಟು, ಅದರ ಬಣ್ಣ ಹೇಗಿತ್ತು, ಮೂತ್ರವೇನಾದರೂ ಆಗುತ್ತಿದ್ದರೆ ಅದರ ಪ್ರಮಾಣ, ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ.

ಇವುಗಳ ಅರ್ಥವನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. 2000 ಮಿಲಿಲೀಟರು ಒಳಗೆ ಹೋಗಿ 2300 ಹೊರಗೆ ಬಂದರೆ ದೇಹದಿಂದ 300 ಮಿಲಿಲೀಟರು ಹೆಚ್ಚಿನ ನೀರು ಹೊರಬಿದ್ದಿತೆಂದು ಲೆಕ್ಕ. 1800 ಮಾತ್ರ ಬಂದರೆ ಉಳಿದ 200 ಒಳಗೇ ನಿಂತಿತು. ಒಂದು ಸಲ ಹಾಗಾದರೆ ಗಾಬರಿಯಿಲ್ಲ. ಕೊಳವೆಯು ಮಡಿಚಿರಬಹುದು, ಮಲಬದ್ಧತೆಯಿಂದ ಕರುಳು ಕೊಳವೆಯನ್ನು ಒತ್ತಿರಬಹುದು. ಮೇಲಿಂದ ಮೇಲೆ ಆಗುತ್ತಿದ್ದರೆ ವೈದ್ಯರಿಗೆ ತಿಳಿಯಲೇಬೇಕು. ತೂಕವಾದರೂ ಹಾಗೆಯೇ. ಒಂದೆರಡು ದಿನದಲ್ಲಿ 2 ಕಿಲೋಗ್ರಾಂ ಏರಿದರೆ ಅದು ಅನ್ನದಿಂದ ಬೆಳೆದ ಮೈಯಲ್ಲ. ಸುಮಾರು 2 ಲೀಟರು ನೀರು ದೇಹದಲ್ಲಿ ನಿಂತಿದೆ ಎಂದೇ ತಿಳಿಯಬೇಕು. ಆ ನೀರು ಶ್ವಾಸಕೋಶಗಳಿಗೆ ಏರಿದರೆ ರೋಗಿಯು ರಾತ್ರಿ ಮಲಗಲಾರದೆ ಎದ್ದು ಕುಳಿತುಕೊಳ್ಳುವನು. ಹೀಗೆ ಆಗುವುದಕ್ಕೆ ಎರಡು ದಿನ ಮೊದಲೇ ನೋಟ್‌ಬುಕ್ಕು ಅದನ್ನು ಹೇಳಿರುವುದು.

ಈ ಅಂಕೆಗಳ ಪ್ರಯೋಜನವು ಎಂತಹುದೆಂಬುದನ್ನು ಒಂದು ಕಲ್ಪಿತ ಸಂಭಾಷಣೆಯಿಂದ ತೋರಿಸಬಹುದು. ಆಸ್ಪತ್ರೆಯ ದಾದಿಯು ಭದ್ರಾವತಿಯ ಒಂದು ಮನೆಗೆ ಫೋನು ಮಾಡಿ, ‘ಯಜಮಾನರು ಹೇಗಿದ್ದಾರಮ್ಮ?’ ಎಂದು ಕೇಳಿದರೆ, ‘ಪರವಾಗಿಲ್ಲ ಸಿಸ್ಟರ್, ಚೆನ್ನಾಗಿಯೇ ಇದ್ದಾರೆ’ ಎಂಬುದೇ ಉತ್ತರ. ಅದೇ ದಾದಿಯು, ‘ಇವತ್ತಿನ ತೂಕ ಎಷ್ಟಮ್ಮ? ಮೊನ್ನೆಯದೆಷ್ಟು?’ ಎಂದು ಕೇಳಿದಳೆನ್ನಿ. ‘ಮೊನ್ನೆ ಐವತ್ತೆಂಟಿತ್ತು, ಇವತ್ತು ಅರವತ್ತು ತೋರಿಸುತ್ತಿದೆ.’ ‘ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಳಿ ಬೀಳುತ್ತದೆಯೆ?’ ‘ಬೀಳುತ್ತದೆ ಸಿಸ್ಟರ್. ನಿನ್ನೆ ಹಬ್ಬ, ಎರಡು ಹಪ್ಪಳ ಹೆಚ್ಚಾಗಿ ತಿಂದರು.’ ಮೊದಲನೆಯ ಪ್ರಶ್ನೆಯಿಂದ ಏನೂ ತಿಳಿಯಲಿಲ್ಲ. ಎರಡನೆಯದರಿಂದ ಎಲ್ಲವೂ ತಿಳಿಯಿತು. ನಮ್ಮವರು ಸುಳ್ಳು ಹೇಳುವವರೆಂದು ಇದರ ಅರ್ಥವಲ್ಲ. ವೈದ್ಯರ ಮುಂದೆ ಕಷ್ಟ ಹೇಳಿಕೊಂಡು ಅವರ ವೇಳೆ ಕೆಡಿಸಬಾರದೆಂಬ ಮರ್ಯಾದೆಯು ನಮ್ಮ ರಕ್ತದಲ್ಲಿಯೇ ಇದೆ. ಅಂಕೆಗೆ ಅಂತಹ ಮರ್ಯಾದೆಯಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳುವುದು.

ಎರಡು ಛಾಯಾಚಿತ್ರಗಳು

ಅಂಕೆಗಳಲ್ಲದೆ ಎರಡು ಚಿತ್ರಗಳನ್ನು ತೆಗೆದು ಕಳುಹಿಸುವುದನ್ನು ಮನೆಯವರು ಕಲಿತಿರಬೇಕು. ಮೊದಲನೆಯದು ಹೊಟ್ಟೆಯಿಂದ ಕೊಳವೆಯು ಹೊರಬರುವ ಜಾಗದ್ದು. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಪ್ರತಿಸಲವೂ ಒಂದೇ ಅಂತರದಿಂದ ತೆಗೆದರೆ, ಹಿಂದಿನ ವಾರದ ಚಿತ್ರದೊಡನೆ ಹೋಲಿಸಿ ನೋಡುವುದು ವೈದ್ಯರಿಗೆ ಸುಲಭ. ಕೆಂಪು, ಊತ, ಕೀವು, ನೋವು ಇವು ಸೋಂಕಿನ ಲಕ್ಷಣಗಳು. ಮಳೆಗಾಲದ ಥಂಡಿಯಲ್ಲಿ ಬಟ್ಟೆಯೇ ಒಣಗದ ನಮ್ಮ ಸೀಮೆಯಲ್ಲಿ ಈ ಜಾಗವನ್ನು ಒಣಗಿಸಿ ಇಟ್ಟುಕೊಳ್ಳುವುದಕ್ಕೆ ವಿಶೇಷ ಎಚ್ಚರ ಬೇಕು. ಹೊಳೆಯ ಸ್ನಾನ, ಕೆರೆಯ ಸ್ನಾನಗಳು ಈ ರೋಗಿಗೆ ಸಲ್ಲವು. ತುಂಗಾಪಾನ, ಗಂಗಾಸ್ನಾನ ಎಂದು ಹೊಗಳಿಸಿಕೊಂಡ ಹೊಳೆಯ ದಂಡೆಯವರಿಗೆ ಇದು ಕಷ್ಟದ ಮಾತಾದರೂ ಹೇಳದೆ ವಿಧಿಯಿಲ್ಲ.

ಎರಡನೆಯ ಚಿತ್ರವು ಹೊರಬಂದ ದ್ರಾವಣದ ಬ್ಯಾಗಿನದು. ಅದು ತಿಳಿಯಾಗಿ, ತೆಳು ಹಳದಿ ಬಣ್ಣದ್ದಾಗಿರಬೇಕು. ತಿಳಿಯೋ ಕದಡಿದುದೋ ಎಂದು ಗೊತ್ತುಮಾಡಲು ದಾದಿಯರು ಹೇಳಿಕೊಡುವ ಉಪಾಯವು ಬಹು ಸುಲಭವಾದುದು: ಬ್ಯಾಗನ್ನು ವೃತ್ತಪತ್ರಿಕೆಯ ಮೇಲಿಡಿ. ದ್ರಾವಣದ ಮೂಲಕ ಅಕ್ಷರಗಳನ್ನು ಓದಲಾದರೆ ಸರಿ; ಅಕ್ಷರಗಳು ಮಸುಕಾದರೆ ಅದು ಕದಡಿದೆ. ಕದಡುವುದಕ್ಕೆ ಕಾರಣ ರೋಗಾಣುಗಳೊಡನೆ ಹೋರಾಡಲು ಬಂದ ಬಿಳಿ ರಕ್ತಕಣಗಳು. ಪ್ರತಿ ಘನ ಮಿಲಿಮೀಟರಿನಲ್ಲಿ ಅವು 100ಕ್ಕಿಂತ ಹೆಚ್ಚಾಗಿದ್ದು, ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೊಫಿಲ್ ಎಂಬ ಜಾತಿಯವಾಗಿದ್ದರೆ ಸೋಂಕೆಂದು ವೈದ್ಯರು ತೀರ್ಮಾನಿಸುವರು.

ಬ್ಯಾಗು ಕದಡಿದುದನ್ನು ಕಂಡೊಡನೆ ಮಾಡತಕ್ಕದ್ದೇನೆಂಬುದನ್ನು ಮನೆಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು. ಆ ಗಂಟೆಯಲ್ಲಿಯೇ ಆಸ್ಪತ್ರೆಗೆ ಫೋನು ಮಾಡುವುದು. ಬ್ಯಾಗನ್ನು ಚೆಲ್ಲದೆ ಹಾಗೆಯೇ ಕಟ್ಟಿ ತೆಗೆದುಕೊಂಡು ಹೋಗುವುದು. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನುಂಗದಿರುವುದು. ಆ ದ್ರಾವಣವನ್ನು ಪರೀಕ್ಷಿಸಿದರೆ ಯಾವ ರೋಗಾಣುವೆಂಬುದೂ ಯಾವ ಔಷಧವು ತಾಗುವುದೆಂಬುದೂ ತಿಳಿಯುವುದು. ಬೇಗನೆ ಹೋದರೆ ಔಷಧವನ್ನು ಡಯಾಲಿಸಿಸ್ ಬ್ಯಾಗಿನಲ್ಲಿಯೇ ಬೆರೆಸಿ ಹೊಟ್ಟೆಗೆ ಇಳಿಸಿ, ಬಹು ಮಂದಿಯನ್ನು ಕೊಳವೆ ತೆಗೆಯದೆಯೇ ಗುಣಪಡಿಸುವರು.

ಸಂಕೋಚವೆಂಬ ಶತ್ರು

ಇಲ್ಲಿ ನಮ್ಮ ಮನೆಗಳ ಒಂದು ದೌರ್ಬಲ್ಯವನ್ನು ಹೇಳಲೇಬೇಕು. ರಾತ್ರಿ ಹತ್ತು ಗಂಟೆಗೆ ಬ್ಯಾಗು ಕದಡಿದಂತೆ ಕಾಣುವುದು. ಸೊಸೆಯು ನೋಡಿ ಗಂಡನಿಗೆ ಹೇಳುವಳು. ಗಂಡನು, ಇಷ್ಟು ಹೊತ್ತಿನಲ್ಲಿ ಡಾಕ್ಟರನ್ನು ಎಬ್ಬಿಸುವುದು ಹೇಗೆ, ಬೆಳಿಗ್ಗೆ ನೋಡೋಣ ಎನ್ನುವನು. ರೋಗಿಯಾದ ಮಾವನವರಾದರೋ, ನನ್ನಿಂದ ಯಾರಿಗೂ ತೊಂದರೆ ಬೇಡವೆನ್ನುವರು. ಬೆಳಿಗ್ಗೆ ಬ್ಯಾಂಕಿನ ಕೆಲಸ, ಮಕ್ಕಳ ಶಾಲೆ. ಮಧ್ಯಾಹ್ನದ ವೇಳೆಗೆ ಹೊಟ್ಟೆನೋವು, ಚಳಿಜ್ವರ. ಹನ್ನೆರಡು ಗಂಟೆಗಿಂತ ಹೆಚ್ಚು ಕಾಲ ಕಳೆದುಹೋಯಿತು. ಆ ಗಂಟೆಗಳಲ್ಲಿ ರೋಗಾಣುಗಳು ಸುಮ್ಮನಿರುವುದಿಲ್ಲ. ದೂರದಿಂದ ನಡೆಯುವ ಆರೈಕೆಯಲ್ಲಿ ಫೋನಿಗಿಂತಲೂ ಫೋನು ಮಾಡುವ ಮನಸ್ಸು ಮುಖ್ಯವಾದುದು. ಕದಡಿದ ಬ್ಯಾಗಿನ ವಿಷಯಕ್ಕೆ ಎಬ್ಬಿಸಿದನೆಂದು ಯಾವ ಒಳ್ಳೆಯ ವೈದ್ಯರೂ ಬೇಸರಪಡರು, ಎಬ್ಬಿಸಲಿಲ್ಲವೆಂದೇ ಬೇಸರಪಡುವರು. ಚಿಕಿತ್ಸೆ ಆರಂಭಿಸುವ ದಿನವೇ, ರಾತ್ರಿಯ ವೇಳೆ ಯಾವ ನಂಬರಿಗೆ ಕರೆಯಬೇಕು, ಅದು ಸಿಗದಿದ್ದರೆ ಮತ್ತಾವುದಕ್ಕೆ ಎಂದು ಕೇಳಿ, ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

ಇದೇ ರೀತಿಯಾಗಿ ಆಸ್ಪತ್ರೆಯವರ ಕರ್ತವ್ಯವೂ ಒಂದುಂಟು. ಕರೆ ಬಂದಾಗ ಉತ್ತರಿಸಿದರೆ ಸಾಲದು. ಗೊತ್ತಾದ ದಿನದಲ್ಲಿ ತಾವಾಗಿಯೇ ಕರೆಯಬೇಕು. ಯಾವ ಮನೆಯಿಂದ ವಾರಗಟ್ಟಲೆ ಸುದ್ದಿಯಿಲ್ಲವೋ ಆ ಮನೆಗೆ ಮೊದಲು ಕರೆಯಬೇಕು. ಸುದ್ದಿಯಿಲ್ಲದಿರುವುದು ಕ್ಷೇಮದ ಗುರುತಾಗಿರಬಹುದು; ಬ್ಯಾಗುಗಳು ಮುಗಿದುದರ ಗುರುತೂ ಆಗಿರಬಹುದು, ಬದಲಾವಣೆ ಮಾಡುತ್ತಿದ್ದ ಮಗಳು ಹೆರಿಗೆಗೆ ಹೋದುದರ ಗುರುತೂ ಆಗಿರಬಹುದು. ಬದಲಾವಣೆಯ ಕೆಲಸವನ್ನು ಮನೆಯಲ್ಲಿ ಕಡಮೆಯೆಂದರೆ ಇಬ್ಬರಾದರೂ ಕಲಿತಿರಬೇಕು. ರೋಗಿಯ ಕ್ಷೇಮವನ್ನು ಕೇಳಿದ ಮೇಲೆ, ‘ನಿಮಗೆ ನಿದ್ದೆ ಬರುತ್ತಿದೆಯೇನಮ್ಮ?’ ಎಂದು ಆರೈಕೆ ಮಾಡುವವಳನ್ನೂ ಒಂದು ಮಾತು ಕೇಳುವುದು ಉಪಚಾರವಲ್ಲ, ಚಿಕಿತ್ಸೆಯ ಭಾಗವೇ. ವರ್ಷಕ್ಕೆ 1460 ಬದಲಾವಣೆಗಳನ್ನು ಮಾಡಿ ಬಳಲಿದ ಕೈಯೇ ತಪ್ಪು ಮಾಡುವುದು. ವಿಡಿಯೊ ಕರೆಗೆ ಅನುಕೂಲವಿರುವ ಕಡೆ ದಾದಿಯು ಆಗಾಗ ಒಂದು ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ, ಕ್ರಮೇಣ ಮರೆತುಹೋದ ನಿಯಮಗಳನ್ನು ನೆನಪಿಗೆ ತರಬಹುದು. ಫ್ಯಾನು ನಿಲ್ಲಿಸಿದರೆ, ಬಾಗಿಲು ಮುಚ್ಚಿದರೆ, ಮಾಸ್ಕು ಕಟ್ಟಿದರೆ, ಸೋಪು ಹಚ್ಚಿ ಕೈ ತೊಳೆದು ಒಣಗಿಸಿದರೆ ಎಂಬುದನ್ನೆಲ್ಲ ಅವಳ ಕಣ್ಣು ಒಂದೇ ನೋಟದಲ್ಲಿ ಹಿಡಿಯುವುದು. ಮಂಚದ ಕೆಳಗೆ ಬೆಕ್ಕು ಮಲಗಿದ್ದರೆ ಅದನ್ನೂ ಕಾಣುವುದು. ಬೆಕ್ಕು ಕೊಳವೆಯನ್ನು ಕಚ್ಚಿ ಸೋಂಕಾದ ಸಂಗತಿಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ.

ಊಟದ ವಿಷಯದಲ್ಲಿಯೂ ದೂರದ ಸಲಹೆಯು ಬಹಳ ಉಪಯುಕ್ತವಾದುದು. ಈ ಕ್ರಮದ ಡಯಾಲಿಸಿಸಿನಲ್ಲಿ ದಿನಕ್ಕೆ 5ರಿಂದ 10 ಗ್ರಾಂ ಪ್ರೋಟೀನು ದ್ರಾವಣದೊಡನೆ ಹೋಗಿಬಿಡುವುದು. ಆದುದರಿಂದ ಬೇಳೆ, ಮೊಟ್ಟೆ, ಹಾಲು, ಮೀನು ಇವುಗಳಲ್ಲಿ ಯಾವುದನ್ನು ಎಷ್ಟು ತಿನ್ನಬೇಕೆಂದು ರಕ್ತಪರೀಕ್ಷೆಯನ್ನು ನೋಡಿ ತಜ್ಞರು ಹೇಳಬೇಕು. ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿ, ಹಪ್ಪಳ, ಸಂಡಿಗೆಗಳು ನಾಲಗೆಗೆ ಹಿತವಾದರೂ ಬಾಯಾರಿಕೆಯನ್ನೂ ನೀರನ್ನೂ ಹೆಚ್ಚಿಸುವುವು. ಹಿತ್ತಲಲ್ಲಿ ಬೆಳೆಯುವ ಧಾರೆಹುಳಿ, ಎಂದರೆ ಕಮರಾಕ್ಷಿಯನ್ನು, ಮೂತ್ರಪಿಂಡದ ರೋಗಿಯು ಎಂದಿಗೂ ತಿನ್ನಕೂಡದು. ಆರೋಗ್ಯವಂತರ ಮೂತ್ರಪಿಂಡಗಳು ಹೊರದೂಡುವ ಅದರ ವಿಷವು ಇವರ ರಕ್ತದಲ್ಲಿಯೇ ನಿಂತು, ಬಿಡದ ಬಿಕ್ಕಳಿಕೆ, ಬುದ್ಧಿಭ್ರಮೆ, ಮೂರ್ಛೆಗಳನ್ನು ತಂದು ಪ್ರಾಣವನ್ನೂ ತೆಗೆಯಬಲ್ಲುದು. ನೆಂಟರು ಪ್ರೀತಿಯಿಂದ ತಂದುಕೊಟ್ಟ ನಾಟಿ ಔಷಧಗಳ ವಿಷಯದಲ್ಲಿಯೂ ನುಂಗುವ ಮೊದಲು ಒಂದು ಕರೆ ಮಾಡಿ ಕೇಳುವುದು ಕ್ಷೇಮ.

ದೂರದಿಂದ ಆಗದಿರುವುದು

ಫೋನಿನಿಂದ ಎಲ್ಲವೂ ಆಗುವುದೆಂದು ನಂಬುವುದೂ ತಪ್ಪು. ರಕ್ತವನ್ನು ಪರೀಕ್ಷಿಸದೆ ಪೊಟ್ಯಾಸಿಯಂ, ಹಿಮೊಗ್ಲೋಬಿನ್ ಎಷ್ಟಿದೆಯೆಂಬುದು ತಿಳಿಯದು. ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡುವ ವೈದ್ಯರ ಜ್ಞಾನವನ್ನು ಛಾಯಾಚಿತ್ರವು ಕೊಡಲಾರದು. ಆದುದರಿಂದ ವೈದ್ಯರು ಹೇಳಿದ ಅವಧಿಗೊಮ್ಮೆ, ಸಾಮಾನ್ಯವಾಗಿ ತಿಂಗಳಿಗೊಮ್ಮೆ, ನೋಟ್‌ಬುಕ್ಕಿನೊಡನೆ ಆಸ್ಪತ್ರೆಗೆ ಹೋಗಲೇಬೇಕು. ಉಬ್ಬಸ, ಎದೆನೋವು, ತೀವ್ರವಾದ ಹೊಟ್ಟೆನೋವು, ಪ್ರಜ್ಞೆ ತಪ್ಪುವುದು ಇಂತಹ ಸಂದರ್ಭಗಳಲ್ಲಿ ಸಂದೇಶ ಕಳುಹಿಸಿ ಉತ್ತರಕ್ಕಾಗಿ ಕಾಯದೆ 108ಕ್ಕೆ ಕರೆದು ಹತ್ತಿರದ ಆಸ್ಪತ್ರೆಗೆ ಹೊರಡುವುದೇ ಸರಿ.

ಭಾರತ ಸರ್ಕಾರವು 2020ರ ಮಾರ್ಚ್ 25ರಂದು ದೂರವೈದ್ಯದ ನಿಯಮಗಳನ್ನು ಪ್ರಕಟಿಸಿತು. ಫೋನಿನಲ್ಲಿ ಸಲಹೆ ಕೊಡುವವರು ನೋಂದಾಯಿತ ವೈದ್ಯರಾಗಿರಬೇಕು. ರೋಗಿಯ ಸಮ್ಮತಿ ಇರಬೇಕು. ಕೊಟ್ಟ ಸಲಹೆಯ ದಾಖಲೆಯನ್ನು ಇಡಬೇಕು. ದೂರದಿಂದ ಸಾಧ್ಯವಿಲ್ಲವೆಂದು ತೋರಿದರೆ ನೇರವಾಗಿ ಬರಲು ಹೇಳುವ ಅಧಿಕಾರ ವೈದ್ಯರಿಗುಂಟು. ಇ-ಸಂಜೀವನಿ ಎಂಬ ಸರ್ಕಾರದ ಸೇವೆಯ ಮೂಲಕ ಉಚಿತವಾಗಿ ವೈದ್ಯರ ಸಲಹೆಯನ್ನು ಪಡೆಯಬಹುದು. ಹಳ್ಳಿಯ ಆರೋಗ್ಯ ಕೇಂದ್ರದ ಅಧಿಕಾರಿಯು ರೋಗಿಯ ಪಕ್ಕದಲ್ಲಿ ಕುಳಿತು ರಕ್ತದೊತ್ತಡ ನೋಡಿ ದೂರದ ವೈದ್ಯರೊಡನೆ ಮಾತಾಡಿಸುವ ಏರ್ಪಾಡೂ ಅದರಲ್ಲಿದೆ.

ಖರ್ಚಿನ ಮಾತನ್ನು ಬಿಡುವಂತಿಲ್ಲ. ತಿಂಗಳಿಗೆ 120 ಬ್ಯಾಗುಗಳು, ಎಂದರೆ 240 ಲೀಟರು ದ್ರಾವಣವು, ಮನೆಗೆ ಬರಬೇಕು. ಅವನ್ನು ಇಡಲು ಸೋರದ, ಇಲಿಯಿಲ್ಲದ, ಒಣಗಿದ ಮೂಲೆಯೊಂದು ಬೇಕು. ಇದರ ಬೆಲೆಯು ಸಾಧಾರಣ ಗೃಹಸ್ಥನಿಗೆ ಹೊರೆಯೇ ಸರಿ. ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು 2016ರಲ್ಲಿ ಆಸ್ಪತ್ರೆಯ ರಕ್ತದ ಡಯಾಲಿಸಿಸಿನಿಂದ ಆರಂಭವಾಗಿ, 2019ರಲ್ಲಿ ಮನೆಯ ಕ್ರಮಕ್ಕೂ ಮಾರ್ಗಸೂಚಿಗಳು ಹೊರಟುವು. ತಮ್ಮ ರೋಗಕ್ಕೆ ಈ ಯೋಜನೆಯಲ್ಲಿ ಏನು ದೊರೆಯುವುದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಿಂದ ಏನು ದೊರೆಯುವುದು ಎಂಬುದನ್ನು ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿಯೋ ತಾಲ್ಲೂಕಿನ ಆಸ್ಪತ್ರೆಯಲ್ಲಿಯೋ ವಿಚಾರಿಸಿಯೇ ಮುಂದಿನ ಹೆಜ್ಜೆ ಇಡುವುದು ವಿವೇಕ. ಎಲ್ಲರಿಗೂ ಮನೆಯ ಕ್ರಮವೇ ಹೊಂದುವುದೆಂದೂ ಹೇಳಲಾಗದು. ಹೊಟ್ಟೆಯಲ್ಲಿ ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಗಳಾದವರಿಗೆ, ಮನೆಯಲ್ಲಿ ಕೈನೀಡುವವರೇ ಇಲ್ಲದವರಿಗೆ, ಆಸ್ಪತ್ರೆಯ ಯಂತ್ರವೇ ಮೇಲಾಗಿರಬಹುದು. ಯೋಗ್ಯರಾದವರಿಗೆ ಮೂತ್ರಪಿಂಡದ ಕಸಿಯೂ ಉಂಟು. ಇವುಗಳಲ್ಲಿ ಯಾವುದೆಂಬುದನ್ನು ತಜ್ಞರು ಮತ್ತು ಮನೆಯವರು ಕೂಡಿ ಕುಳಿತು ನಿಶ್ಚಯಿಸಬೇಕು.

ಭದ್ರಾವತಿಯವರು ಲೆಕ್ಕವನ್ನೂ ಎಚ್ಚರವನ್ನೂ ಅರಿಯದವರಲ್ಲ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೆಂಕಿ ಬಿದ್ದಂದಿನಿಂದ ಎಷ್ಟೋ ಮನೆಗಳ ಹಿರಿಯರು ಪಾಳಿಯ ಕೆಲಸ ಮಾಡಿದವರು. ಒಂದು ಪಾಳಿಯವನು ಕಂಡ ಅಂಕೆಗಳನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಪಾಳಿಯವನಿಗೆ ಒಪ್ಪಿಸಿಹೋಗುವುದು ಕಾರ್ಖಾನೆಗಳ ಪದ್ಧತಿ. ಮನೆಯ ಡಯಾಲಿಸಿಸ್ ಬೇಡುವುದೂ ಅದನ್ನೇ. ಮನೆಯವರು ನೋಡಿ ಬರೆಯಬೇಕು; ದೂರದಲ್ಲಿರುವವರು ಓದಿ ಉತ್ತರಿಸಬೇಕು; ಎರಡು ಕಡೆಯವರಲ್ಲಿ ಯಾರೂ ಒಂದು ದಿನವೂ ಕೈಬಿಡಬಾರದು. ಹೀಗೆ ನಡೆದರೆ ರೋಗಿಯು ತನ್ನ ಮನೆಯ ಜಗುಲಿಯಲ್ಲಿ ಕುಳಿತು, ಮೊಮ್ಮಕ್ಕಳ ಮಾತು ಕೇಳುತ್ತ, ಚಿಕಿತ್ಸೆಯನ್ನು ಪಡೆಯುತ್ತ ವರ್ಷಗಳನ್ನು ಕಳೆಯುವುದು ಸಾಧ್ಯ. ಇಂತಹ ರೋಗಿಯು ಮನೆಯಲ್ಲಿರುವ ವಾಚಕರು ಈ ಲೇಖನವನ್ನು ಓದಿ ಮುಗಿಸಿದೊಡನೆ, ರಾತ್ರಿ ಕರೆಯಬೇಕಾದ ನಂಬರು ಗೋಡೆಯ ಮೇಲಿದೆಯೇ ಎಂಬುದನ್ನು ಎದ್ದು ನೋಡಿದರೆ ನಮ್ಮ ಶ್ರಮವು ಸಾರ್ಥಕವಾಗುವುದು.